ತಂಗಿಯ ಮಗಳ ಅಂಗುಳ

ನನ್ನ ಮೇಲಿನ ಹಲ್ಲುಗಳು ಮುಂದೆ ಚಾಚಿಕೊಂಡಿವೆ. ಕೆಳಗಿನವು ಜಾಗ ಸಾಲದೆ ಒಂದರ ಮೇಲೊಂದು ಹತ್ತಿವೆ. ತಂಗಿಯದು ಜೋಡಿಸಿಟ್ಟಂಥ ಸಾಲು. ಫೋಟೋ ತೆಗೆಯುವಾಗ ಅವಳು ನಗುತ್ತಿದ್ದಳು, ನಾನು ತುಟಿ ಬಿಗಿಹಿಡಿಯುತ್ತಿದ್ದೆ. ನನ್ನ ಮದುವೆಯ ಆಲ್ಬಮ್ಮಿನಲ್ಲೂ ಚಂದ ಕಾಣುವವಳು ಅವಳೇ. ಆ ಹೊಟ್ಟೆಕಿಚ್ಚು ನಲವತ್ತಾದರೂ ಆರಲಿಲ್ಲ.

ಹೋದ ವರ್ಷ ಅವಳ ಏಳು ವರ್ಷದ ಮಗಳಿಗೆ ಹಲ್ಲುನೋವು ಬಂತು. ಕಾನಸೂರಿನಲ್ಲಿ ಕಿರಾಣಿ ಅಂಗಡಿ ನಡೆಸುವ ತಂಗಿ, ಅಂಗಡಿ ಬಿಟ್ಟು ಬರಲಾಗದೆ ಮಗಳನ್ನು ಶಿರಸಿಗೆ, ನನ್ನ ಮನೆಗೆ ಕಳಿಸಿದಳು. ಹಲ್ಲಿನ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಹುಳುಕಿಗೆ ಸಿಮೆಂಟ್ ತುಂಬಿದ ಮೇಲೆ ಅವರು ಮಗುವಿನ ಅಂಗುಳಕ್ಕೆ ಟಾರ್ಚ್ ಬಿಟ್ಟು ನೋಡಿದರು.

"ಬಾಯಿಂದಲೇ ಉಸಿರಾಡ್ತಾಳಾ?"

"ಹೌದು. ಗೊರಕೆಯೂ ಇದೆ."

"ಮೂಗು ಕಟ್ಟಿದ್ರೆ ಬಾಯಿ ತೆರೆದೇ ಇರ್ತದೆ. ಅಂಗುಳಕ್ಕೆ ತಾಗಿರಬೇಕಾದ ನಾಲಿಗೆ ಕೆಳಗೇ ಉಳೀತದೆ. ಮೇಲಿನ ದವಡೆ ಅಗಲ ಆಗೋದಿಲ್ಲ, ಹಲ್ಲಿಗೆ ಜಾಗ ಸಾಲೋದಿಲ್ಲ. ಮೊದಲು ಮೂಗಿನ ಡಾಕ್ಟರಿಗೆ ತೋರಿಸಿ. ಈ ವಯಸ್ಸಲ್ಲಿ ಸರಿಮಾಡೋದು ಸುಲಭ." ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ, "ನಿಮಗೂ ಚಿಕ್ಕಂದಿನಲ್ಲಿ ಹೀಗೇ ಇತ್ತೇನೋ" ಅಂದರು.

ಇತ್ತು. "ಬಾಯಿ ಮುಚ್ಚು" ಅಂತ ಶಾಲೆಯಲ್ಲಿ ದಿನಾ ಗದರಿಸಿಕೊಳ್ಳುತ್ತಿದ್ದೆ. ಮೂಗು ಕಟ್ಟಿದೆಯಾ ಅಂತ ಒಬ್ಬರೂ ಕೇಳಿರಲಿಲ್ಲ.

ಸಂಜೆ ತಂಗಿಯ ಫೋನ್ ಬಂತು. "ಅಕ್ಕಾ, ಡಾಕ್ಟ್ರು ಎಂತ ಹೇಳಿದ್ರು?"

"ಹುಳುಕು ತುಂಬಿಸಿ ಆತು. ಮತ್ತೆಂತದೂ ಇಲ್ಲೆ."

ಈ ಮಗುವಿಗೂ ತಾಯಿಯಂಥದೇ ಹಲ್ಲು ಸಿಗಬೇಕೇ ಎನಿಸಿತ್ತು, ಅಷ್ಟೇ. ಬೇರೆ ಕಾರಣ ಇರಲಿಲ್ಲ.

ಹದಿನೈದು ದಿನ ಬಿಟ್ಟು ಕಾನಸೂರಿಗೆ ಹೋದೆ. ಮಗು ಊಟಕ್ಕೆ ಕೂತಿತ್ತು. ಎರಡು ಸಲ ಅಗಿದು, ಉಸಿರಿಗಾಗಿ ಬಾಯಿ ತೆರೆದು, ಮತ್ತೆ ಅಗಿಯುತ್ತಿತ್ತು. ಅಜ್ಜನಮನೆಯ ಪಂಕ್ತಿಯಲ್ಲಿ ನಾನು ಹೀಗೇ ಉಣ್ಣುವಾಗ ಉಳಿದ ಮಕ್ಕಳು ಅಣಕಿಸಿ ನಕ್ಕಿದ್ದರು. ಪಕ್ಕದಲ್ಲಿ ಉಣ್ಣುತ್ತಿದ್ದ ನಾನು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ. ಬಡಿಸುತ್ತಿದ್ದ ತಂಗಿಗೆ ಎಲ್ಲ ಹೇಳಿಬಿಟ್ಟೆ, ಹೊಟ್ಟೆಕಿಚ್ಚನ್ನೂ ಮುಚ್ಚಿಡಲಿಲ್ಲ.

ಅವಳು ಸೌಟು ಕೆಳಗಿಟ್ಟಳು. "ಮಗು ಎಂತ ಮಾಡಿತ್ತು ನಿಂಗೆ?" ಎಂದಳು. "ನಾಳೆಯೇ ಕರ್ಕಂಡು ಹೋಗ್ತೆ" ಎಂದವಳು ನನ್ನನ್ನು ಜೊತೆಗೆ ಕರೆಯಲಿಲ್ಲ. ಮೂಗಿನ ಹಿಂದೆ ಊದಿದ್ದ ಗ್ರಂಥಿಯನ್ನು ತೆಗೆಸಿದ ಸುದ್ದಿ ಬೇರೆಯವರಿಂದ ತಿಳಿಯಿತು.

ಈ ಬೇಸಿಗೆ ರಜೆಗೆ ಅವಳೇ ಮಗಳನ್ನು ತಂದುಬಿಟ್ಟಳು. ಅಂಗುಳ ಅಗಲಿಸಲು ಹಲ್ಲಿನ ಡಾಕ್ಟರು ಕೂರಿಸಿದ ಸ್ಕ್ರೂವನ್ನು ತಿರುಗಿಸುವುದು ಹೇಗೆಂದು ತೋರಿಸಿ, ಪುಟ್ಟ ಕೀಲಿ ನನ್ನ ಕೈಗೆ ಕೊಟ್ಟಳು. "ಮರೆಯಡ" ಎಂದಳು.

ಡಾಕ್ಟರು ಹೇಳಿದ ದಿನಗಳಲ್ಲೆಲ್ಲ ತಪ್ಪದೆ ತಿರುಗಿಸುತ್ತಿದ್ದೇನೆ. ಮಗು ಈಗ ಬಾಯಿ ಮುಚ್ಚಿ ಮಲಗುತ್ತದೆ. ನೋಡುವಾಗ ಖುಷಿಯಾಗುತ್ತದೆ, ಒಳಗೆ ಚುರ್ರೆನ್ನುವುದೂ ನಿಂತಿಲ್ಲ.