ಬಾಬಾ ಗಾಲ್ಯಾ ಏಳುವವರೆಗೆ

ಇಂಥ ಬರಹಗಳನ್ನು ಓದುವಾಗ ನಾನು ಮನಸ್ಸಿನಲ್ಲೇ ಕೆಂಪು ಪೆನ್ನು ಹಿಡಿದು ಕೂರುವವಳು. 'ಯಾರೋ ಕರೆದಂತಾಯಿತು' ಎಂದಿದ್ದರೆ, ಕರೆದರೋ ಇಲ್ಲವೋ, ಎರಡರಲ್ಲಿ ಒಂದು ಹೇಳಿ ಎನ್ನುತ್ತೇನೆ. 'ಸರಿಯಾಗಿ ಅದೇ ಕ್ಷಣದಲ್ಲಿ ಅಲ್ಲಿ ಅವರು ಕಣ್ಣು ಮುಚ್ಚಿದರು' ಎಂದಿದ್ದರೆ, ಆಗ ಗಡಿಯಾರ ನೋಡಿದವರು ಯಾರು ಎಂದು ಕೇಳುತ್ತೇನೆ. ಮೈಸೂರಿನಲ್ಲಿ ಪಿಯುಸಿ ಓದುವಾಗ ಊರೂರು ತಿರುಗಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಅಂಟಿಕೊಂಡ ಚಾಳಿ ಇದು. ಅಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ: ಎರಡನೇ ಪ್ರಶ್ನೆ ಕೇಳುವುದು. ಮೊದಲ ಪ್ರಶ್ನೆಗೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಎರಡನೆಯದಕ್ಕೆ ಇರುವುದಿಲ್ಲ.

ಈಗ ನಾನೇ ಅಂಥದ್ದೊಂದನ್ನು ಬರೆಯುತ್ತಿದ್ದೇನೆ. ನೀವೂ ಕೆಂಪು ಪೆನ್ನು ಹಿಡಿದೇ ಓದಿ. ನನಗೇನೂ ಬೇಸರವಿಲ್ಲ, ನಿಜ ಹೇಳಬೇಕೆಂದರೆ ಅದರಿಂದ ಉಪಕಾರವೇ ಆದೀತು.

ನಾನು ಡಾಕ್ಟರಿಕೆ ಓದಿದ್ದು ಬೆಲಾರುಸ್‌ನಲ್ಲಿ. ಕೊನೆಯ ಎರಡು ವರ್ಷ ಕಾಲೇಜಿದ್ದ ನಗರವನ್ನು ಬಿಟ್ಟು, ರೈಲಿನಲ್ಲಿ ಒಂದು ನಿದ್ದೆಯಷ್ಟು ದೂರದ ಸಣ್ಣ ಊರೊಂದರಲ್ಲಿ ಇದ್ದೆ. ಅಲ್ಲಿನ ಆಸ್ಪತ್ರೆಯಲ್ಲಿ ನಮ್ಮ ಪ್ರಾಕ್ಟಿಕಲ್ ಇತ್ತು. ಕೋವಿಡ್ ಶುರುವಾದ ಕಾಲ ಬೇರೆ, ಹಾಸ್ಟೆಲಿನ ಜನಜಂಗುಳಿಗಿಂತ ಆ ಊರೇ ವಾಸಿ ಎನಿಸಿತ್ತು. ಊರೆಂದರೆ ಒಂದು ಚೌಕ, ಚೌಕದಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದ ಹಳೆಯ ಯುದ್ಧದ ಟ್ಯಾಂಕು, ಒಂದು ಬ್ರೆಡ್ ಅಂಗಡಿ, ಸಬ್ಬಸಿಗೆ ಸೊಪ್ಪು ಮತ್ತು ಅಣಬೆ ಮಾರುವ ಹೆಂಗಸರು ಸಾಲಾಗಿ ಕೂರುತ್ತಿದ್ದ ಬಸ್ ಸ್ಟ್ಯಾಂಡು. ಬ್ರೆಡ್ ಅಂಗಡಿಯಲ್ಲಿ ನಾವು ಏನು ಕೊಂಡೆವೆಂಬುದು ನಾವು ಮನೆ ಮುಟ್ಟುವ ಮೊದಲೇ ನಮ್ಮ ಮನೆಯೊಡತಿಗೆ ತಿಳಿದಿರುತ್ತಿತ್ತು.

ಆ ಮನೆಯೊಡತಿ ಬಾಬಾ ಗಾಲ್ಯಾ. ಬಾಬಾ ಎಂದರೆ ಅಲ್ಲಿ ಅಜ್ಜಿ. ಅವಳ ಮರದ ಮನೆಯ ಮೇಲಿನ ಕೋಣೆಗಳಲ್ಲಿ ನಾವು ಮೂವರು ಬಾಡಿಗೆಗಿದ್ದೆವು. ನಾನು, ನಮ್ಮ ಮೈಸೂರಿನವಳೇ ಆದ ಶಬಾನಾ, ಉಡುಪಿ ಕಡೆಯ ನೆಲ್ಸನ್. ಶಬಾನಾಳಿಗೆಂದು ಅಜ್ಜಿ, ಹಂದಿಕೊಬ್ಬು ಎಂದೂ ಸೋಕದ ಒಂದು ಬಾಣಲೆಯನ್ನು ಬೇರೆಯೇ ಇಟ್ಟಿದ್ದಳು, ಅದರ ಹಿಡಿಗೆ ಕೆಂಪು ಬಟ್ಟೆ ಸುತ್ತಿದ್ದಳು. ನನ್ನನ್ನು ಕರೆಯುತ್ತಿದ್ದದ್ದು 'ಪ್ರಕುರೋರ್' ಎಂದು, ಅಂದರೆ ಸರ್ಕಾರಿ ವಕೀಲ. ನೆಲ್ಸನ್ ಮಾತ್ರ ಅವಳಿಗೆ ಮಗನೇ ಆಗಿಹೋಗಿದ್ದ. ಮೊದಲ ಚಳಿಗಾಲದಲ್ಲಿ ಅವನಿಗೆ ನ್ಯುಮೋನಿಯಾ ಆದಾಗ ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಅವನನ್ನು ಕೆಳಗೆ ಒಲೆಯ ಪಕ್ಕ ಮಲಗಿಸಿ, ತಾನು ಕುರ್ಚಿಯಲ್ಲಿ ಕೂತು ನಿದ್ದೆಗೆಟ್ಟು ಉಳಿಸಿಕೊಂಡವಳು ಅವಳು. ಸೋಂಕು ತಗುಲೀತು, ದೂರ ಇರು ಎಂದು ನಾವು ಕಲಿತ ವೈದ್ಯವನ್ನೆಲ್ಲ ಅವಳಿಗೆ ಹೇಳಿದ್ದೆವು. ಕೇಳಿಸಿಕೊಂಡಳು, ಅಷ್ಟೇ.

ಅಲ್ಲಿ ಒಂದು ಪದ್ಧತಿ ಇದೆ. ಮನೆಯಿಂದ ಯಾರಾದರೂ ದೂರ ಹೊರಟರೆ, ಸಾಮಾನೆಲ್ಲ ಕಟ್ಟಿ, ಕೋಟು ಹಾಕಿ ಆದ ಮೇಲೆ, ಹೊರಡುವವರೂ ಕಳಿಸುವವರೂ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಮಾತಾಡಬಾರದು. ಆಮೇಲೆ ಮನೆ ಯಾರದೋ ಅವರು ಮೊದಲು ಏಳಬೇಕು, ಉಳಿದವರು ಅವರ ಹಿಂದೆ. ಬಾಬಾ ಗಾಲ್ಯಾ ಎರಡೂ ಮೊಣಕಾಲಿಗೆ ಅಂಗೈ ತಟ್ಟಿ, "ಸರಿ, ದೇವರ ಜೊತೆ" ಎಂದು ತನ್ನ ಭಾಷೆಯಲ್ಲಿ ಹೇಳಿ ಏಳುತ್ತಿದ್ದಳು. ನಗರಕ್ಕೆ ಪರೀಕ್ಷೆ ಬರೆಯಲು ಹೊರಟರೂ ಇದು ತಪ್ಪುತ್ತಿರಲಿಲ್ಲ. ಇದೇಕೆ ಎಂದು ನಾನು ಕೇಳಿದ್ದೆ. ಅವಸರದಲ್ಲಿ ಹೊರಟವರ ಅರ್ಧ ಹಿಂದೆ ಉಳಿದುಬಿಡುತ್ತದೆ, ಅದು ಬಂದು ಸೇರಲಿ ಎಂದಳು. ಯಾವ ಅರ್ಧ ಎಂದೆ. "ನಿನ್ನದಾದರೆ ಬಾಯಿ ಮೊದಲೇ ಹೋಗಿರುತ್ತದೆ ಪ್ರಕುರೋರ್, ಉಳಿದದ್ದಕ್ಕೆ ಕಾಯಬೇಕು" ಎಂದು ನಕ್ಕಳು.

ಓದು ಮುಗಿದ ಮೇಲೆ ಮೂವರೂ ಬೇರೆ ಬೇರೆ ದಾರಿ ಹಿಡಿದು ಅಮೆರಿಕಕ್ಕೇ ಬಂದೆವು. ನಾನು ಗೈದರ್ಸ್‌ಬರ್ಗ್‌ನ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಜರ್ಮನ್‌ಟೌನ್‌ನಲ್ಲಿ ಮನೆ ಮಾಡಿದೆ. ಶಬಾನಾ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಔಷಧ ಕಂಪನಿಯೊಂದಕ್ಕೆ ಸೇರಿದಳು. ನೆಲ್ಸನ್ ಅಟ್ಲಾಂಟಾದಲ್ಲಿದ್ದ, ಇಲ್ಲಿ ಡಾಕ್ಟರಾಗಲು ಬೇಕಾದ ರೆಸಿಡೆನ್ಸಿ ಸೀಟಿಗೆ ಎರಡು ವರ್ಷ ಅಪ್ಲೈ ಮಾಡಿ ಎರಡು ವರ್ಷವೂ ಏನೂ ಆಗದೆ ಕುಗ್ಗಿದ್ದ. ಫೋನಿನಲ್ಲಿ ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಒಂದು ನವೆಂಬರ್‌ನಲ್ಲಿ, ಬಾಬಾ ಗಾಲ್ಯಾಳ ಪಕ್ಕದ ಮನೆಯ ಲ್ಯುದಾ ಎಂಬಾಕೆ ನೆಲ್ಸನ್‌ಗೆ ವಿಡಿಯೋ ಕಾಲ್ ಮಾಡಿದಳು. ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ದಿನಗಳನ್ನು ಎಣಿಸುವ ಸ್ಥಿತಿ, ನಿನ್ನ ಹೆಸರನ್ನೇ ಹೇಳುತ್ತಾಳೆ ಎಂದಳು. ನೆಲ್ಸನ್ ಯಾರನ್ನೂ ಕೇಳದೆ, ಅಗ್ಗಕ್ಕೆ ಸಿಗುತ್ತದೆಂದು ವಾಷಿಂಗ್ಟನ್‌ನ ಡಲಸ್ ವಿಮಾನ ನಿಲ್ದಾಣದಿಂದ ಟಿಕೆಟ್ ತೆಗೆದ. ಅಟ್ಲಾಂಟಾದಿಂದ ಬಸ್ಸಿನಲ್ಲಿ ಶಬಾನಾಳ ಮನೆಗೆ ಬಂದ, ಅಲ್ಲಿಂದ ಇಬ್ಬರೂ ಅವಳ ಕಾರಿನಲ್ಲಿ ನನ್ನ ಮನೆಗೆ ಬಂದರು. ಮೂವರೂ ಸೇರಿದ ಆ ಸಂಜೆ ನಗಬೇಕಿತ್ತು. ನಾವು ಜಗಳವಾಡಿದೆವು.

ಜಗಳಕ್ಕೆ ಕಾರಣ ಇತ್ತು. ಆ ವಾರದ ಕೊನೆಗೇ ಖುದ್ದಾಗಿ ಬರಬೇಕೆಂದು ನೆಲ್ಸನ್‌ಗೆ ಒಂದು ಆಸ್ಪತ್ರೆಯಿಂದ ಇಂಟರ್‌ವ್ಯೂ ಕರೆ ಬಂದಿತ್ತು, ಆ ವರ್ಷದ ಒಂದೇ ಕರೆ. ಹೋದರೆ ಅದು ತಪ್ಪುತ್ತದೆ. ವೀಸಾ ಸ್ಟಾಂಪಿನ ತಾಪತ್ರಯ ಬೇರೆ, ಹೊರಗೆ ಹೋದವನು ಯಾವಾಗ ವಾಪಸ್ ಬರುತ್ತಾನೆಂಬ ಖಾತ್ರಿ ಇಲ್ಲ. ನಾನು ಬಿಡಲಿಲ್ಲ.

"ಅವಳಿಗೆ ನಿನ್ನ ಗುರುತೇ ಸಿಗಲ್ಲ ಕಣೋ. ಮೆಡಿಕಲಿ ಯೋಚನೆ ಮಾಡು. ಪಾಯಿಂಟ್ ನಂಬರ್ ಟೂ..."

"ಪಾಯಿಂಟ್ ನಂಬರ್ ಟೂ ಆಮೇಲೆ ಹೇಳುವಿಯಂತೆ, ಅನ್ನ ತಿನ್ನೇ ಮೊದಲು" ಎಂದು ಶಬಾನಾ ನನ್ನ ತಟ್ಟೆಗೆ ಬಿರಿಯಾನಿ ಹಾಕಿದಳು.

"ಗುರುತು ಸಿಗದಿದ್ರೆ ಬೇಡ ಮಾರಾಯ್ತಿ" ಎಂದ ನೆಲ್ಸನ್. "ನಂಗೆ ಅವಳ ಗುರುತು ಉಂಟಲ್ಲ."

ನಾನು ಪಾಯಿಂಟ್ ನಂಬರ್ ಟೂ ಹೇಳಿದೆ. ಆಮೇಲೂ ಬಹಳ ಹೊತ್ತು ಮಾತಾಡಿದೆ.

ಮರುದಿನ ಮಧ್ಯಾಹ್ನ ಉಳಿದ ಬಿರಿಯಾನಿಯಲ್ಲೇ ಬೇಗ ಊಟ ಮುಗಿಸಿದೆವು. ವಿಮಾನ ಸಂಜೆಗೆ. ನಿಲ್ದಾಣ ನನ್ನ ಮನೆಯಿಂದ ಹೆಚ್ಚು ದೂರವಿಲ್ಲ, ಆದರೂ ಆ ಕಡೆಯ ಟ್ರಾಫಿಕ್ ನಂಬುವ ಹಾಗಿಲ್ಲ ಎಂದು ಬೇಗ ಹೊರಡಲು ನಿಂತಿದ್ದೆವು. ಅವನ ಸೂಟ್‌ಕೇಸ್ ಬಾಗಿಲ ಬಳಿ ಇತ್ತು. ಮೂವರೂ ಜ್ಯಾಕೆಟ್ ಹಾಕಿದ್ದೆವು. ಆಗ ನೆಲ್ಸನ್, "ಕೂತುಕೊಳ್ಳುವ" ಎಂದ. ಏನೆಂದು ಕೇಳಬೇಕಾಗಲಿಲ್ಲ. ಶಬಾನಾ ಮುಗುಳ್ನಕ್ಕಳು. ಊಟದ ಮೇಜಿನ ಕುರ್ಚಿಗಳನ್ನು ಹಾಲಿಗೆ ಎಳೆದು ಕೂತೆವು. ಬಾಲ್ಕನಿಯ ಗಾಜಿನಿಂದ ಬಿಸಿಲು ಕಾರ್ಪೆಟ್ಟಿನ ಮೇಲೆ ಬಿದ್ದಿತ್ತು, ನನ್ನ ಶೂ ತನಕ ಬಂದಿತ್ತು. ಇದು ನನಗೆ ಖಚಿತವಾಗಿ ನೆನಪಿದೆ.

ಮುಂದಿನದ್ದನ್ನು ಹೇಗೆ ಆಯಿತೋ ಹಾಗೇ ಹೇಳುತ್ತೇನೆ. ಯಾರ ದನಿಯೂ ಕೇಳಲಿಲ್ಲ, ಯಾವ ಆಕಾರವೂ ಕಾಣಲಿಲ್ಲ. ಭಯವಂತೂ ಆಗಲೇ ಇಲ್ಲ. ನಾನು ಕೂತಿದ್ದೆ, ಬಾಬಾ ಗಾಲ್ಯಾ ಏಳಲಿ ಎಂದು ಕಾಯುತ್ತಿದ್ದೆ. ಅಷ್ಟೇ. ಬಸ್ಸಿನಲ್ಲಿ ತಿರುಗಿ ನೋಡದೆಯೂ ಪಕ್ಕದ ಸೀಟಿನಲ್ಲಿ ಯಾರೋ ಇದ್ದಾರೆ ಎಂದು ಗೊತ್ತಿರುತ್ತದಲ್ಲ, ಹಾಗೆ ಅವಳು ನನ್ನ ಎಡಗಡೆ ಇದ್ದಾಳೆ ಎಂದು ಗೊತ್ತಿತ್ತು. ಅದರಲ್ಲಿ ವಿಶೇಷವೇನೂ ಇದೆ ಎನಿಸಲಿಲ್ಲ. ಇಷ್ಟು ಹೊತ್ತಾಯಿತು, ಇವತ್ತೇಕೆ ಇವಳು ಏಳುತ್ತಿಲ್ಲ ಎಂದೊಮ್ಮೆ ಅನಿಸಿತು. ಆಮೇಲೆ ಅವಳು ಎದ್ದಳು. ನಾನೂ ಎದ್ದೆ, ನನ್ನ ಜೊತೆಗೆ ಅವರಿಬ್ಬರೂ ಎದ್ದರು.

"ಲೈಟ್ ಹಾಕೇ, ಏನೂ ಕಾಣ್ತಿಲ್ಲ" ಎಂದಳು ಶಬಾನಾ.

ಕತ್ತಲಾಗಿತ್ತು. ಗಾಜಿನಾಚೆ ಪಾರ್ಕಿಂಗ್ ಲಾಟಿನ ದೀಪಗಳು ಹತ್ತಿದ್ದವು. ನೆಲ್ಸನ್ ಫೋನು ತೆಗೆದು ನೋಡಿದ, ಮತ್ತೆ ನೋಡಿದ. ಮೇಜಿನ ಮೇಲಿದ್ದ ನನ್ನ ಫೋನಿಗೆ ಲ್ಯಾಬಿನಿಂದ ಕರೆಗಳು ಬಂದು ಹೋಗಿದ್ದವು. ಶಬಾನಾಳ ಫೋನು ಅವಳ ಜೇಬಿನಲ್ಲೇ ಇತ್ತು, ಅವಳ ಅಮ್ಮ ಮತ್ತೆ ಮತ್ತೆ ಕರೆ ಮಾಡಿದ್ದರು. ಒಂದೂ ಸೈಲೆಂಟ್‌ನಲ್ಲಿ ಇರಲಿಲ್ಲ. ಸೂಟ್‌ಕೇಸ್ ಎತ್ತಿಕೊಂಡು ಕೆಳಗೆ ಓಡಿದೆವು. ಹೆಡ್‌ಲೈಟುಗಳ ಸಾಲಿನಲ್ಲಿ ಸಿಕ್ಕಿ ನಿಲ್ದಾಣ ತಲುಪಿದಾಗ ಕೌಂಟರ್ ಮುಚ್ಚಿತ್ತು. ಮುಂದಿನ ಟಿಕೆಟ್ ಸಿಕ್ಕಿದ್ದು ಎರಡು ದಿನ ಬಿಟ್ಟು.

ವಾಪಸ್ ಬಂದು ಬಾಗಿಲು ತೆಗೆದಾಗ ಹಾಲಿನಲ್ಲಿ ಕುರ್ಚಿಗಳು ಹಾಗೇ ಇದ್ದವು. ನಾಲ್ಕು ಕುರ್ಚಿ. ನನ್ನ ಊಟದ ಮೇಜಿಗೆ ಇರುವುದೇ ಮೂರು. ನಾಲ್ಕನೆಯದು ಬಾಲ್ಕನಿಯಲ್ಲಿ ಮಡಚಿ ಇಟ್ಟಿರುವ ಕ್ಯಾಂಪಿಂಗ್ ಕುರ್ಚಿ. ಅದನ್ನು ಬಿಡಿಸಿ, ನನ್ನ ಎಡಗಡೆ ಹಾಕಲಾಗಿತ್ತು.

"ಇದನ್ನ ಯಾರು ತಂದದ್ದು?" ಎಂದ ನೆಲ್ಸನ್. ನಾನಲ್ಲ ಎಂದಳು ಶಬಾನಾ. ನಾನಲ್ಲ ಎಂದೆ ನಾನು.

ಅವನು ನನ್ನನ್ನೇ ನೋಡಿದ. "ಮನೆ ನಿಂದು. ನೀನು ಏಳ್ಬೇಕಿತ್ತು. ನಾವು ನಿಂಗೇ ಕಾಯ್ತಿದ್ದದ್ದು. ಯಾಕೆ ಏಳ್ಲಿಲ್ಲ?"

ಶಬಾನಾಳೂ ಅದನ್ನೇ ಹೇಳಿದಳು, ಮೆಲ್ಲಗೆ, ನನ್ನ ತೋಳು ಹಿಡಿದುಕೊಂಡು. ಅವಳೂ ನನಗೇ ಕಾಯುತ್ತಿದ್ದಳಂತೆ. ಅವರಿಬ್ಬರ ಮಟ್ಟಿಗೆ ಆ ಕೋಣೆಯಲ್ಲಿ ನಾಲ್ಕನೆಯವರು ಯಾರೂ ಇರಲಿಲ್ಲ. ಹಿಂದಿನ ದಿನ ಇಡೀ ಸಂಜೆ ಹೋಗಬೇಡ ಎಂದು ವಾದಿಸಿದವಳು ನಾನು. ಪದ್ಧತಿ ಗೊತ್ತಿದ್ದವಳು ನಾನು. ಏಳಬೇಕಾದವಳೂ ನಾನೇ. ನನ್ನ ವಿರುದ್ಧ ಇಷ್ಟು ಗಟ್ಟಿಯಾದ ಕೇಸನ್ನು ನಾನೇ ಕಟ್ಟಿದ್ದರೂ ಇದಕ್ಕಿಂತ ಚೆನ್ನಾಗಿ ಕಟ್ಟಲಾಗುತ್ತಿರಲಿಲ್ಲ. ಬಾಯಿ ತೆರೆದೆ. ಅವಳಿಗೆ ಕಾಯುತ್ತಿದ್ದೆ ಎಂದು ಹೇಳಬೇಕಿತ್ತು. "ಗೊತ್ತಿಲ್ಲ" ಎಂದೆ.

ಮರುದಿನ ರಾತ್ರಿ ಬಾಬಾ ಗಾಲ್ಯಾ ತೀರಿಕೊಂಡಳು. ಮೊದಲಿನ ವಿಮಾನ ಹಿಡಿದಿದ್ದರೆ ನೆಲ್ಸನ್ ಆ ಸಂಜೆಯ ಹೊತ್ತಿಗೆ ಅವಳ ಹಾಸಿಗೆಯ ಪಕ್ಕ ಇರುತ್ತಿದ್ದ. ಕೊನೆಯವರೆಗೂ ಅವಳಿಗೆ ಎಚ್ಚರ ಇತ್ತಂತೆ, ಹುಡುಗ ಹೊರಟನಾ ಎಂದು ಕೇಳಿದಳಂತೆ. ಇದನ್ನು ಲ್ಯುದಾ ಅವನಿಗೇ ಹೇಳಿದಳು. ಅವನು ಎರಡನೇ ಟಿಕೆಟ್ ರದ್ದು ಮಾಡಿ, ಶಬಾನಾಳ ಕಾರಿನಲ್ಲಿ ದಕ್ಷಿಣಕ್ಕೆ ಹೊರಟುಹೋದ. ಹೊರಡುವಾಗ ಯಾರೂ ಕೂರಲಿಲ್ಲ. ಆ ವಾರದ ಇಂಟರ್‌ವ್ಯೂಗೂ ಹೋದ, ಮುಂದೆ ಸೀಟೂ ಸಿಕ್ಕಿತು. ಸಿಕ್ಕ ದಿನ ನನಗೆ ಒಂದೇ ಸಾಲು ಕಳಿಸಿದ: 'ಡಿಬೇಟ್ ನೀನೇ ಗೆದ್ದದ್ದು ಮಾರಾಯ್ತಿ.' ಆಮೇಲೆ ಅವನು ನನ್ನೊಡನೆ ಮಾತಾಡಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಅಪಾರ್ಟ್‌ಮೆಂಟಿನವರನ್ನು ಕರೆಸಿ ಹೀಟರಿನಿಂದ ವಿಷಗಾಳಿ ಸೋರುತ್ತಿದೆಯೇ ಎಂದು ನೋಡಿಸಿದೆ. ಏನೂ ಇರಲಿಲ್ಲ. ಬಿರಿಯಾನಿ ತಿಂದು, ದಾರಿಯ ಆಯಾಸಕ್ಕೆ ನಿದ್ದೆ ಹೋದೆವು ಎನ್ನೋಣವೇ? ಮೂವರೂ ನೆಟ್ಟಗೆ ಕೂತು, ಅಷ್ಟು ಹೊತ್ತು, ಒಬ್ಬರ ಕತ್ತೂ ವಾಲದೆ? ಮನೆಯಲ್ಲೇ ಇದ್ದ ನಾನೂ? ನೆಲ್ಸನ್‌ಗೇ ಒಳಗೊಳಗೆ ಹೋಗಲು ಇಷ್ಟವಿರಲಿಲ್ಲವೋ ಏನೋ ಎಂದೂ ಯೋಚಿಸಿದೆ. ಅವನ ಮುಖ ನೆನಪಾಗಿ ಆ ವಾದವನ್ನು ಅಲ್ಲಿಗೇ ಬಿಟ್ಟೆ. ಇಲ್ಲವೇ ನನಗೇ ಅರಿವಿಲ್ಲದೆ ನಾನೇ ಅವನನ್ನು ತಡೆದೆನೇ, ಕುರ್ಚಿಯನ್ನೂ ನಾನೇ ತಂದು ಹಾಕಿ ಮರೆತೆನೇ? ಎಲ್ಲಕ್ಕಿಂತ ಸಲೀಸಾದ ವಿವರಣೆ ಇದೇ. ಹೊರಗಿನವಳಾಗಿ ಈ ಕತೆ ಕೇಳಿದ್ದರೆ ನಾನು ಇದನ್ನೇ ಒಪ್ಪುತ್ತಿದ್ದೆ. ನನ್ನನ್ನು ನಿದ್ದೆಗೆಡಿಸುವುದೂ ಇದೇ.

ಒಂದು ಮಾತು ಉಳಿದಿದೆ. ಬಾಬಾ ಗಾಲ್ಯಾ ಸತ್ತು ಕೆಲವು ತಿಂಗಳಾದ ಮೇಲೆ ಲ್ಯುದಾ ನನಗೆ ಫೋನು ಮಾಡಿದ್ದಳು, ಮನೆ ಮಾರುತ್ತಿದ್ದಾರೆ, ಕೆಂಪು ಹಿಡಿಯ ಬಾಣಲೆ ಶಬಾನಾಳಿಗೆ ಬೇಕೇ ಎಂದು ಕೇಳಲು. ಮಾತಿನ ನಡುವೆ, ಏನೋ ನೆನಪಾದವಳಂತೆ ಹೇಳಿದಳು. ಕೊನೆಗಾಲದಲ್ಲಿ ಒಂದು ರಾತ್ರಿ ಅಜ್ಜಿ ತಾನಾಗಿ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತಳಂತೆ, ಮೊಣಕಾಲ ಮೇಲೆ ಕೈ ಇಟ್ಟುಕೊಂಡು. ಎಷ್ಟು ಹೇಳಿದರೂ ಮಲಗಲಿಲ್ಲವಂತೆ. ಮಾತಾಡಬೇಡ, ಮಕ್ಕಳು ಹೊರಟಿದ್ದಾರೆ ಎಂದಳಂತೆ. ಬಹಳ ಹೊತ್ತಿನ ಮೇಲೆ ಮೊಣಕಾಲು ತಟ್ಟಿ, ಮಲಗಿದಳಂತೆ.

"ಯಾವ ರಾತ್ರಿ?" ಎಂದೆ.

"ಹೋಗುವುದಕ್ಕೆ ಒಂದೆರಡು ದಿನ ಮೊದಲು. ಅಥವಾ ಅದಕ್ಕೂ ಮೊದಲೇ ಇರಬಹುದು" ಎಂದಳು ಲ್ಯುದಾ. "ಬೇಕಿದ್ದರೆ ಹೇಳು, ಅವತ್ತು ನನ್ನ ಜೊತೆ ಕಾದ ನರ್ಸನ್ನು ಕೇಳಿ ಹೇಳುತ್ತೇನೆ."

ಅವಳು ಫೋನು ಹಿಡಿದು ಕಾದಳು. ಅಲ್ಲಿ ರಾತ್ರಿಯಾಗಿದ್ದರೆ ಇಲ್ಲಿ ಮಧ್ಯಾಹ್ನ, ಆ ಲೆಕ್ಕ ನನಗೆ ಬಾಯಿಪಾಠ. ಅದೇ ರಾತ್ರಿ ಎಂದರೆ ನೆಲ್ಸನ್‌ಗೆ ಹೇಳಲು ನನ್ನ ಹತ್ತಿರ ಒಂದು ಉತ್ತರ ಇರುತ್ತದೆ, ಆದರೆ ಅದನ್ನು ನಂಬುವವಳು ನಾನಾಗಬೇಕು. ಬೇರೆ ರಾತ್ರಿ ಎಂದರೆ ನನ್ನ ಎಡಗಡೆಯ ಕುರ್ಚಿ ಖಾಲಿಯಾಗಿತ್ತು, ಅದನ್ನು ಹಾಕಿದವಳು ನಾನು.

ಬಾಣಲೆ ಕಳಿಸಿ ಎಂದೆ. ಅದು ಬಂದು, ಶಬಾನಾಳ ಮನೆ ಸೇರಿ ಬಹಳ ಕಾಲವಾಯಿತು. ನರ್ಸನ್ನು ಕೇಳಿ ಎಂದು ನಾನು ಇನ್ನೂ ಹೇಳಿಲ್ಲ.