ಸತ್ವದ ಮಾತ್ರೆಗೆ ಪಂಕ್ತಿಭೇದವಿಲ್ಲ

ನಮ್ಮ ಮನೆಯಲ್ಲಿ ಇರುವವರು ನಾಲ್ಕು ಜನ, ನಾಲ್ವರಿಗೂ ಮಾತ್ರೆ ಇದೆ. ಅಜ್ಜಿಗೆ ಬಿ.ಪಿ., ಅಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ಥೈರಾಯ್ಡ್, ನನಗೆ ರಕ್ತ ಕಡಿಮೆ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕಕ್ಕೆ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಬಂದ ನೆಂಟರು ಅವನ್ನು ನೋಡಿ, ಮೆಡಿಕಲ್ ಸ್ಟೋರ್ ಯಾವಾಗ ಇಟ್ಟಿರಿ ಎಂದು ಕೇಳುತ್ತಾರೆ. ಕೇಳಿದವರೇ ಹೊರಡುವ ಮುಂಚೆ ತಲೆನೋವಿಗೆ ಏನಾದರೂ ಇದೆಯಾ ಎಂದು ಮೆಲ್ಲಗೆ ವಿಚಾರಿಸುತ್ತಾರೆ.

ನಮ್ಮೂರು ಬಿಳಿಗೆರೆಯ ಕಡೆ. ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ. ಸಂಬಳವೂ ಅತಿಥಿಯಂತೆಯೇ, ಬಂದರೆ ಬಂತು. ತೋಟದ ಕಾಯಿ ಅಟ್ಟಕ್ಕೆ ಹತ್ತಿದರೆ ಕೊಬ್ಬರಿಯಾಗಿ ಇಳಿಯಲು ಹತ್ತಿರಹತ್ತಿರ ಒಂದು ವರ್ಷ ಬೇಕು. ಇಳಿದ ಮೇಲೂ ಅಪ್ಪ ರೇಟು ನೋಡಿಕೊಂಡು ಕೂರುತ್ತಾನೆ. ಡಬ್ಬಿಗಳು ಹಾಗೆ ಕಾಯುವುದಿಲ್ಲ, ತಿಂಗಳಿಗೆ ಸರಿಯಾಗಿ ಖಾಲಿಯಾಗುತ್ತವೆ. ಹಾಗಾಗಿ ಕೊಬ್ಬರಿಯ ದುಡ್ಡಿಗೂ ಮಾತ್ರೆಗೂ ಸಂಬಂಧವಿಲ್ಲ. ಅದು ಗೊಬ್ಬರ, ಆಳು, ಬೋರ್‌ವೆಲ್ ಮೋಟಾರುಗಳ ಪಾಲು. ಕಾಯಿ ಒಡೆದಾಗ ಉಳಿಯುವ ಚಿಪ್ಪನ್ನು ಇದ್ದಿಲು ಮಾಡುವವರು ಬಂದು ಒಯ್ಯುತ್ತಾರೆ. ಆ ದುಡ್ಡು ನಮ್ಮ ಮನೆಯಲ್ಲಿ ಹಿಂದಿನಿಂದಲೂ ಹೆಂಗಸರದ್ದು. ಅಜ್ಜಿಯ ಕಾಲದಲ್ಲಿ ಅದರಲ್ಲಿ ಸೀರೆ ಬರುತ್ತಿತ್ತಂತೆ, ಒಮ್ಮೆ ಓಲೆಯೂ ಬಂದಿತ್ತಂತೆ. ಈಗ ಮಾತ್ರೆ ಬರುತ್ತದೆ.

ಕಳೆದ ವರ್ಷ ಅಮ್ಮ ನೀರಿನ ತೊಟ್ಟಿಯ ಪಕ್ಕ ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಎಡಗೈ ಮಣಿಕಟ್ಟಿನಲ್ಲಿ ಸಣ್ಣ ಬಿರುಕು. ಆ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ದಿನವೇ ಅವಳು ಬಲಗೈಯಲ್ಲಿ ಊಟ ಬಡಿಸಿದಳು. ಮುದ್ದೆಯನ್ನು ಮಾತ್ರ ನಾನು ಕಟ್ಟಿದೆ. ಅದರ ಆಕಾರದ ಬಗ್ಗೆ ಅಪ್ಪ ಏನೂ ಹೇಳಲಿಲ್ಲ, ಅಜ್ಜಿ ಹೇಳಿದಳು. ಕೈ ಕೂಡಿಕೊಂಡಿತು. ಆದರೆ ತಿಪಟೂರಿನ ಮೂಳೆ ಡಾಕ್ಟರು, ಇವರ ಮೂಳೆಯಲ್ಲಿ ಗಟ್ಟಿ ಇಲ್ಲ, ಆರು ತಿಂಗಳು ಒಂದು ದಿನವೂ ಬಿಡದೆ ಕ್ಯಾಲ್ಸಿಯಂ ತೆಗೆದುಕೊಳ್ಳಲಿ, ಆಮೇಲೆ ಮತ್ತೆ ನೋಡೋಣ ಎಂದರು. ಆಗಲೂ ಸುಧಾರಿಸದಿದ್ದರೆ ಇಂಜೆಕ್ಷನ್ ಎಂದರು. ಅದರ ಬೆಲೆಯನ್ನು ನಾನು ಹೊರಗೆ ಬಂದು ಫೋನಿನಲ್ಲಿ ನೋಡಿದೆ. ನಮ್ಮ ಅಟ್ಟದಲ್ಲಿ ಅಷ್ಟೊಂದು ಚಿಪ್ಪು ಇರಲಿಲ್ಲ.

ಅಜ್ಜಿಯ ಪ್ರಕಾರ ಮಾತ್ರೆಗಳಲ್ಲಿ ಎರಡು ಜಾತಿ. ಒಂದು ರೋಗದ ಮಾತ್ರೆ, ಇನ್ನೊಂದು ಸತ್ವದ ಮಾತ್ರೆ. ರೋಗದ್ದು ಅವರವರ ಕರ್ಮ, ಅವರೇ ನುಂಗಬೇಕು. ಸತ್ವದ್ದು ಆಹಾರ. ಆಹಾರ ಎಂದ ಮೇಲೆ ಅದಕ್ಕೆ ಊಟದ ನಿಯಮ. ಊಟದ ವಿಷಯದಲ್ಲಿ ಅಜ್ಜಿಗಿರುವುದು ಒಂದೇ ನಿಯಮ: ಪಂಕ್ತಿಭೇದ ಕೂಡದು. ಸಾಲಾಗಿ ಕೂತವರಲ್ಲಿ ಒಬ್ಬರಿಗೆ ಬಡಿಸಿ ಇನ್ನೊಬ್ಬರನ್ನು ಬಿಡುವಂತಿಲ್ಲ. ನೊಣವಿನಕೆರೆ ಕಡೆಯ ಯಾವುದೋ ಮದುವೆಯಲ್ಲಿ ಬೀಗರ ಎಲೆಗೆ ಮಾತ್ರ ಎರಡನೇ ಸಲ ತುಪ್ಪ ಬಂತೆಂದು ಅವಳು ಅರ್ಧ ಊಟದಲ್ಲಿ ಎದ್ದುಬಂದವಳು. ಬಡಿಸಿದವರು ತೀರಿಕೊಂಡು ಎಷ್ಟೋ ಕಾಲವಾಗಿದೆ. ಆ ಮನೆಯ ಹೊಸಿಲನ್ನು ಅವಳು ಇನ್ನೂ ತುಳಿದಿಲ್ಲ.

ಕ್ಯಾಲ್ಸಿಯಂ ಬಂದ ಮೊದಲನೇ ರಾತ್ರಿ ಅಮ್ಮ ಎಲ್ಲರ ಊಟವಾದ ಮೇಲೆ ತಾನು ಉಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತೇ ಮಾತ್ರೆ ಬಾಯಿಗೆ ಹಾಕಿಕೊಂಡಳು. ಅಜ್ಜಿ ನೋಡಿದಳು.

"ಏನೇ ಅದು, ನೀನೊಬ್ಬಳೇ ಬಾಯಿಗಾಕ್ಕಂಡಿದ್ದು?"

"ಮೂಳೆಗೆ ಕಣತ್ತೆ. ಡಾಕ್ಟ್ರು ಕೊಟ್ಟವ್ರೆ."

"ಮೂಳೆ ನಿಂಗೊಬ್ಬಳಿಗೇ ಇರಾದಾ?"

ಮರುದಿನದಿಂದ ಮುದ್ದೆ, ಸಾರು, ಪಲ್ಯದ ಜೊತೆ ಒಂದೊಂದು ಮಾತ್ರೆಯೂ ತಟ್ಟೆಗೆ ಬಂತು. ಉಪ್ಪಿನಕಾಯಿ ಹಾಕುವ ಜಾಗದಲ್ಲಿ ಅಮ್ಮ ಅದನ್ನು ಇಟ್ಟು ಹೋಗುತ್ತಿದ್ದಳು. ಅದು ಬಿಳಿಯ, ಉದ್ದನೆಯ, ಹುಣಸೆಬೀಜಕ್ಕಿಂತ ದಪ್ಪನೆಯ ಮಾತ್ರೆ. ಒಬ್ಬರಿಗೆ ಎರಡು ತಿಂಗಳು ಬರಬೇಕಾದ ಡಬ್ಬಿ ಇದು, ಹೀಗೆ ಹಂಚಿದರೆ ಎಲ್ಲಿಗೆ ಸಾಲುತ್ತದೆ ಎಂದು ನಾನು ಕೇಳಿದೆ. ತಿನ್ನುವುದರಲ್ಲಿ ಲೆಕ್ಕ ನೋಡುತ್ತೀಯಾ ಎಂದು ಅಜ್ಜಿ ನನ್ನ ಓದನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಬೇಡದವರು ಕ್ಯಾಲ್ಸಿಯಂ ತಿಂದರೆ ಕಿಡ್ನಿಯಲ್ಲಿ ಕಲ್ಲಾಗಬಹುದು ಎಂದೆ. ಬೋರ್ ನೀರಿನಲ್ಲಿ ತಾನು ಇಷ್ಟು ವರ್ಷ ಕುಡಿದದ್ದು ಕಲ್ಲೇ, ಇದೊಂದು ಹೆಚ್ಚಲ್ಲ ಎಂದಳು. ವಿಜ್ಞಾನ ಅಲ್ಲಿಗೆ ನಿಂತಿತು.

ನನಗೆ ಉಳಿದದ್ದು ಖರ್ಚು ಇಳಿಸುವ ದಾರಿ. ಕಡಿಮೆ ಬೆಲೆಯ ಸರ್ಕಾರಿ ಔಷಧಿ ಅಂಗಡಿಗೆ ಹೋಗಿ, ಮನೆಯವರೆಲ್ಲರ ಮಾತ್ರೆಗಳ ಒಳಗಿನ ಔಷಧಿಯ ಹೆಸರು ಹೇಳಿ, ಡಾಕ್ಟರನ್ನೂ ಒಂದು ಮಾತು ಕೇಳಿ, ಅಲ್ಲಿಂದಲೇ ತಂದೆ. ಅರ್ಧಕ್ಕಿಂತ ಕಡಿಮೆಗೆ ಬಂತು. ಅಪ್ಪನಿಗೆ ಅದೇ ಅನುಮಾನವಾಯಿತು. ಅಷ್ಟು ಅಗ್ಗಕ್ಕೆ ಕೊಡುತ್ತಾರೆಂದರೆ ಮಾಲು ಕೌಟು ಹಿಡಿದಿರಬೇಕು ಎಂದ. ಹಳಸಿದ ಕೊಬ್ಬರಿಯ ವಾಸನೆಗೆ ನಾವು ಕೌಟು ಎನ್ನುತ್ತೇವೆ. ಅಪ್ಪ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಸಿದ. ನನ್ನ ಕಬ್ಬಿಣದ ಮಾತ್ರೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತು, ಕೊನೆಗೆ ಎಲ್ಲವನ್ನೂ ಪಾಸು ಮಾಡಿದ.

ಅವನು ಏನನ್ನು ಕೈಗೆತ್ತಿಕೊಂಡರೂ ಹಾಗೆಯೇ. ಅಟ್ಟದಲ್ಲಿ ಕಾಯಿ ಎತ್ತಿ ಕಿವಿಯ ಪಕ್ಕ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಉರುಳಿದರೆ ಆಯಿತು ಎನ್ನುತ್ತಾನೆ, ಇಲ್ಲದಿದ್ದರೆ ಇನ್ನೂ ಇರಲಿ ಎಂದು ವಾಪಸ್ ಇಡುತ್ತಾನೆ. ಆ ಅಭ್ಯಾಸದಲ್ಲಿ ಬೆಂಕಿಪೊಟ್ಟಣ, ಟಾರ್ಚು, ಟಿ.ವಿ. ರಿಮೋಟು ಎಲ್ಲವೂ ಅವನ ಕಿವಿಯ ಹತ್ತಿರ ಹೋಗಿ ಬರುತ್ತವೆ. ಎರಡನೆಯ ಕ್ಯಾಲ್ಸಿಯಂ ಡಬ್ಬಿ ತೆಗೆದು ಎರಡು ವಾರವಾಗಿದ್ದ ಒಂದು ಬೆಳಿಗ್ಗೆ ಅದನ್ನೂ ಹಾಗೆ ಅಲ್ಲಾಡಿಸಿದ.

"ಇನ್ನೂ ಸುಮಾರಾಗವೆ ಕಣೇ. ಒಳ್ಳೇ ಅಂಗಡಿಯೋನು, ಹೆಚ್ಚಿಗೇ ಹಾಕವ್ನೆ."

ನನಗೂ ಒಳಗೊಳಗೆ ಹೆಮ್ಮೆಯಾಯಿತು. ಬಸ್ಸು ಹತ್ತಿ ಕೂತ ಮೇಲೆ ಮಾತ್ರ, ಮಾತ್ರೆಯ ಅಂಗಡಿಯಲ್ಲಿ ಸೊಪ್ಪಿನ ಹಾಗೆ ಕೊಸರು ಹಾಕುವುದಿಲ್ಲ ಎಂಬುದು ಹೊಳೆಯಿತು. ಡಬ್ಬಿ ಸೀಲಾಗಿ ಬಂದಿತ್ತು. ನಾಲ್ಕು ಜನ ತಿನ್ನುತ್ತಿದ್ದರೆ ಅದು ಅಷ್ಟು ಹೊತ್ತಿಗೆ ತಳ ಕಾಣಬೇಕಿತ್ತು. ಸಂಜೆ ಬಂದು ಡಬ್ಬಿ ಸುರಿದು ನೋಡಿದೆ. ಉಳಿದದ್ದು ಸರಿಯಾಗಿ ಒಬ್ಬರ ಪಾಲಿನಷ್ಟು ಹೆಚ್ಚಿತ್ತು. ನಾನು ನುಂಗುವುದು ನನಗೆ ಗೊತ್ತು. ಅಜ್ಜಿಯೂ ಅಪ್ಪನೂ ನನ್ನ ಎದುರೇ ನುಂಗುತ್ತಾರೆ. ಉಳಿದವರು ಒಬ್ಬರೇ.

ಆ ರಾತ್ರಿ ಅಮ್ಮ ಊಟಕ್ಕೆ ಕೂತಾಗ ನಾನು ಪಾತ್ರೆ ತೊಳೆಯುವ ನೆಪದಲ್ಲಿ ಅಲ್ಲೇ ಇದ್ದೆ. ಅವಳ ತಟ್ಟೆಯ ಅಂಚಿನಲ್ಲಿ ಏನೂ ಇರಲಿಲ್ಲ. ಕೇಳಿದರೆ, ತನ್ನದು ಆಗಲೇ ಆಯಿತು ಎಂದಳು. ಯಾವಾಗ ಎಂದೆ. ಅವಳು ಮಜ್ಜಿಗೆ ಕಲಸಿದಳು. ಎಣಿಸಿ ನೋಡಿದೆ ಎಂದು ಹೇಳಿದ ಮೇಲೆ ಒಪ್ಪಿಕೊಂಡಳು. ಮುಂದಿನ ಚಿಪ್ಪಿನ ಲೋಡು ಹೋಗುವುದು ಇನ್ನೂ ತಡ, ತಾನು ಬಿಟ್ಟರೆ ಡಬ್ಬಿ ಐದು ದಿನ ಹೆಚ್ಚು ಬರುತ್ತದೆ, ನೀವೆಲ್ಲ ಇಷ್ಟಪಟ್ಟು ತಿನ್ನುತ್ತೀರಿ, ನಡುವೆ ನಿಲ್ಲಿಸುವುದಕ್ಕೆ ಮನಸ್ಸು ಬರಲಿಲ್ಲ ಎಂದಳು. ಹೀಗೆ ಶುರುವಾಗಿ ಒಂದು ತಿಂಗಳ ಮೇಲಾಗಿತ್ತು. ಅಮ್ಮನ ಕೈಗೆಂದು ತಂದ ಔಷಧಿಯಿಂದ ನಮ್ಮ ಮೂವರ ಮೂಳೆಗಳು ಹಬ್ಬ ಮಾಡುತ್ತಿದ್ದವು. ಅವಳ ಮೂಳೆ ಬಿದ್ದ ದಿನ ಹೇಗಿತ್ತೋ ಹಾಗೇ ಇತ್ತು. ಇನ್ನೊಮ್ಮೆ ಜಾರಿದರೆ ಸಣ್ಣ ಬಿರುಕಿಗೆ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಅಮ್ಮ ಆಗ ಹೊರಗೆ ಚಪ್ಪಲಿ ಹುಡುಕುತ್ತಿದ್ದಳು.

ನನಗೆ ದನಿ ಎತ್ತಿ ಮಾತಾಡಿ ಅಭ್ಯಾಸವಿಲ್ಲ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರಿಗೆ ನನ್ನ ಪಾಠ ಕೇಳುವುದಿಲ್ಲವಂತೆ, ಅವರು ದೂರನ್ನೂ ಕೊಟ್ಟಿಲ್ಲ. ಮನೆಯಲ್ಲಂತೂ ನಾನು ಬೇಕು, ಬೇಡ, ಸಾಕು ಎಂಬ ಮೂರು ಮಾತಿನಲ್ಲಿ ದಿನ ಕಳೆಯಬಲ್ಲೆ. ಮರುದಿನ ರಾತ್ರಿ ನಡುಮನೆಯಲ್ಲಿ ನಾವು ಮೂವರು ಸಾಲಾಗಿ ಕೂತೆವು. ಅಮ್ಮ ಬಡಿಸಿದಳು. ನಾನು ಮುದ್ದೆ ಮುಟ್ಟಲಿಲ್ಲ.

"ಅಜ್ಜಿ, ಪಂಕ್ತಿಭೇದ ಆಗ್ತಾ ಇದೆ."

ಅಜ್ಜಿಯ ಕೈ ಸಾರಿನಲ್ಲೇ ನಿಂತಿತು. ಅವಳು ಮೊದಲು ಅಪ್ಪನ ತಟ್ಟೆ ನೋಡಿದಳು, ಆಮೇಲೆ ನನ್ನದು, ಆಮೇಲೆ ತನ್ನದು. ಮೂರರಲ್ಲೂ ಮುದ್ದೆ ಸಮ, ಪಲ್ಯ ಸಮ, ಮಾತ್ರೆ ಒಂದೊಂದು.

"ಯಾರ್ಗೆ ಕಮ್ಮಿಯಾಗದೆ?"

"ಅಮ್ಮಂಗೆ."

"ಅವ್ಳು ಪಂಕ್ತೀಲಿ ಎಲ್ಲಿ ಕೂತವ್ಳೆ?"

"ಅದೇ."

ಅಷ್ಟೇ ನನ್ನ ಭಾಷಣ. ಅಮ್ಮ ಒಳಗಿನಿಂದಲೇ, ಅವಳ ಮಾತು ಕಟ್ಟಿಕೊಂಡು ಊಟ ಬಿಡಬೇಡಿ, ಸಾರು ಆರುತ್ತದೆ ಎಂದಳು. ಅಜ್ಜಿ ಸಾರಿನ ಗೊಡವೆಗೆ ಹೋಗಲಿಲ್ಲ. ನೀನು ನುಂಗಿದ್ದೀಯೋ ಇಲ್ಲವೋ ಅಷ್ಟು ಹೇಳು ಎಂದು ಕೇಳಿದಳು. ಅಮ್ಮ ಬಾಗಿಲಿಗೆ ಬಂದು, ನೀವೆಲ್ಲ ಆಸೆಪಟ್ಟು ತಿನ್ನುತ್ತಿದ್ದಿರಿ ಎಂದು ಹಿಂದಿನ ದಿನದ ಮಾತನ್ನೇ ಮತ್ತೆ ಹೇಳಿದಳು.

"ಆಸೇನಾ?" ಎಂದಳು ಅಜ್ಜಿ. "ಸುಣ್ಣದ ಕಲ್ಲು ನುಂಗ್ದಂಗಾಯ್ತದೆ ಕಣೇ. ದಿನಾ ಗಂಟ್ಲಲ್ಲೇ ಕೂತ್ಕಂತದೆ. ನೀನು ಬಡಿಸ್ತೀಯ, ಬ್ಯಾಡ ಅಂದ್ರೆ ನೊಂದ್ಕಂತೀಯ ಅಂತ ನುಂಗ್ತಿದ್ದೆ."

ಅಪ್ಪ ಗಂಟಲು ಸರಿಮಾಡಿಕೊಂಡ. ಈ ಮಾತ್ರೆ ಶುರುವಾದಾಗಿನಿಂದ ತನಗೆ ಬೆಳಗಿನ ಹೊತ್ತು ಬಹಳ ತೊಂದರೆಯಾಗಿದೆ, ಹೆಂಗಸರ ಮುಂದೆ ಹೇಗೆ ಹೇಳುವುದೆಂದು ಸುಮ್ಮನಿದ್ದೆ ಎಂದ. ಅವನು ಇತ್ತೀಚೆಗೆ ತೋಟದಿಂದ ಅಷ್ಟು ತಡವಾಗಿ ಬರುತ್ತಿದ್ದ ಕಾರಣ ಆಗ ತಿಳಿಯಿತು. ನನಗೂ ಅದು ಬೇಡವಾಗಿತ್ತು. ಹೀಗೆ ಮೂರು ಜನ, ಅಮ್ಮನಿಗೆ ಬೇಸರವಾದೀತೆಂದು, ಅಮ್ಮನ ಮಾತ್ರೆಯನ್ನು, ಅಮ್ಮನ ಕೈಯಿಂದಲೇ ಬಡಿಸಿಕೊಂಡು, ಕಷ್ಟಪಟ್ಟು ತಿಂದಿದ್ದೆವು.

"ಬಾ ಇಲ್ಲಿ, ಕೂತ್ಕ," ಎಂದಳು ಅಜ್ಜಿ.

ಆಮೇಲೆ ಕೂರುತ್ತೇನೆ ಎಂದು ಅಮ್ಮ ಅಂದಳು. ಅಜ್ಜಿ ಪಕ್ಕದ ನೆಲ ತಟ್ಟಿದಳು. ಅಮ್ಮ ಅರ್ಧ ಕೂತಳು. ಒಂದು ಕಾಲು ಮಡಚಿ, ಇನ್ನೊಂದನ್ನು ಏಳುವುದಕ್ಕೆ ತಯಾರಾಗಿಟ್ಟುಕೊಂಡು. ಬಡಿಸುವವರು ಯಾರು ಎಂದು ಯಾರೂ ಕೇಳಲಿಲ್ಲ, ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿ, ಕೈ ತೊಳೆದು ಒಳಗೆ ಹೋದ. ಮುದ್ದೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ದೊಡ್ಡ ಗಂಡಾಂತರದಿಂದ ಪಾರಾದವನಂತೆ ಅಮ್ಮನ ತಟ್ಟೆಗೆ ಇಳಿಸಿದ. ಆಮೇಲೆ ಸಾರು ಸುರಿದ. ತಟ್ಟೆ ಸಾಲಲಿಲ್ಲ.

ಒರೆಸುವ ಬಟ್ಟೆಗೆಂದು ಅಮ್ಮ ಏಳಲು ಹೋದಳು. ಏಳಲಾಗಲಿಲ್ಲ. ಅವಳ ಸೆರಗಿನ ತುದಿಯನ್ನು ಅಜ್ಜಿ ಮಂಡಿಯ ಕೆಳಗೆ ಹಾಕಿಕೊಂಡು ಕೂತಿದ್ದಳು. ತನ್ನ ತಟ್ಟೆಯ ಮಾತ್ರೆಯನ್ನು ಎತ್ತಿ ಅಮ್ಮನ ತಟ್ಟೆಗೆ ಹಾಕಿ, ನೀರಿನ ಲೋಟ ಮುಂದಕ್ಕೆ ತಳ್ಳಿದಳು. ಅಮ್ಮ ಊಟ ಮುಗಿಸಿ ನುಂಗುವವರೆಗೆ ಯಾರೂ ಅಲ್ಲಾಡಲಿಲ್ಲ. ಬಾಯಿ ತೆಗೆ ನೋಡೋಣ ಎಂದು ಅಜ್ಜಿ ಕೇಳಿದ್ದು ಸ್ವಲ್ಪ ಹೆಚ್ಚಾಯಿತೆಂದು ನನಗನ್ನಿಸಿತು. ಅಮ್ಮ ತೆಗೆದು ತೋರಿಸಿದಳು.

ನಿಯಮ ಮಾತ್ರ ಬದಲಾಗಲಿಲ್ಲ. ಅಮ್ಮನಿಗೊಬ್ಬಳಿಗೇ ಮಾತ್ರೆ ಬಡಿಸಿದರೆ ಅದೂ ಭೇದವೇ ಅಲ್ಲವೇ ಎಂದು ಅಜ್ಜಿ ಮರುದಿನ ಯೋಚನೆಗೆ ಬಿದ್ದಳು. ಈಗ ಅಮ್ಮ ಮಾತ್ರೆ ನುಂಗುವ ಹೊತ್ತಿಗೆ ಮಿಕ್ಕವರ ತಟ್ಟೆಗೆ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಬೀಳುತ್ತದೆ. ಅಪ್ಪನಿಗೆ ಬೆಲ್ಲವಿಲ್ಲ. ಇದು ಯಾವ ನ್ಯಾಯ ಎಂದು ಅವನು ಕೇಳಿದ. ಅದು ರೋಗದ ಲೆಕ್ಕಕ್ಕೆ ಬರುತ್ತದೆ ಎಂದು ತೀರ್ಪಾಯಿತು. ಅಮ್ಮ ದಿನವೂ ಸಾಲಿನಲ್ಲೇ ಕೂರುತ್ತಾಳೆ, ಬಡಿಸುವುದು ಒಂದು ದಿನ ಅಪ್ಪ, ಒಂದು ದಿನ ನಾನು. ಅಪ್ಪನ ದಿನ ತಟ್ಟೆಯ ಸುತ್ತ ಎರಡು ಗೇಣು ಜಾಗ ಬಿಟ್ಟು ಕೂರಬೇಕು.

ಆರು ತಿಂಗಳನ್ನು ಹೊಸದಾಗಿ ಎಣಿಸಿ, ಮುಗಿದ ಮೇಲೆ ಡಾಕ್ಟರ ಹತ್ತಿರ ಹೋದೆವು. ಅವರು ಹಳೆಯ ರಿಪೋರ್ಟನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ, ಪರವಾಗಿಲ್ಲ, ಇಂಜೆಕ್ಷನ್ ಬೇಡ, ಮಾತ್ರೆಯನ್ನೇ ಮುಂದುವರಿಸಿ ಎಂದರು. ಎಷ್ಟೋ ಜನ ಅರ್ಧಕ್ಕೇ ಬಿಟ್ಟುಬಿಡುತ್ತಾರೆ, ನೀವು ಹೇಗೆ ಒಂದು ದಿನವೂ ತಪ್ಪಿಸಲಿಲ್ಲ ಎಂದು ಅಮ್ಮನನ್ನು ಮೆಚ್ಚಿಕೊಂಡು ಕೇಳಿದರು.

"ತಪ್ಪಿಸ್ಕಳಕ್ಕೆ ಎಲ್ಲಾಯ್ತದೆ ಸಾರ್," ಎಂದಳು ಅಮ್ಮ, "ನಮ್ಮತ್ತೆ ಸೆರಗಿನ ಮೇಲೆ ಕೂತಿರ್ತಾರೆ."

ಡಾಕ್ಟರು ವಿವರಣೆಗಾಗಿ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರವನ್ನು ನೋಡುತ್ತಾ ನಿಂತೆ.