ಉಪಾಸ ಕೂಡಿಸಿದ ಹೊಲ

ಸರಕಾರಿ ಗೊಬ್ಬರದ ಮಹಿಮಾ ತೋರಸಾಕಂತ ಚಿಕ್ಕೇರೂರಿನ ಗೌಡಶಾನಿಯವರ ಹೊಲಾನ ಎರಡು ಪಾಲು ಮಾಡಿದ್ದೆ. ಒಂದಕ್ಕ ಗೊಬ್ಬರ ಹಾಕಿ, ಇನ್ನೊಂದನ್ನ ಹಂಗ ಬಿಟ್ಟು, "ಹೋಲಿಸಿ ನೋಡೂದ ವಿಜ್ಞಾನ" ಅಂತ ಊರಿಗೆಲ್ಲಾ ಭಾಷಣ ಬಿಗದಿದ್ದೆ.

ನಮ್ಮ ಕೃಷಿ ಖಾತೆಯ ಸಾಹೇಬ್ರು ಜೀಪಿಂದ ಇಳದು ನೋಡಿದ್ರ, ಹಂಗ ಬಿಟ್ಟ ಪಾಲಿನ ಜ್ವಾಳಾನ ಹೆಚ್ಚು ಹಸರಾಗಿತ್ತು!

"ಅದಕ್ಕ ನಾನ ತಿಪ್ಪಿಗೊಬ್ಬರ ಹಾಕಿಸೇನ್ರಿ," ಅಂದ್ರು ಗೌಡಶಾನಿ. "ಒಂದ ಪಂಕ್ತಿಯೊಳಗ ಒಬ್ಬಗ ತುಪ್ಪ ಬಡಿಸಿ, ಇನ್ನೊಬ್ಬನ್ನ ಉಪಾಸ ಕೂಡಸೂದು ಯಾವ ಶಾಸ್ತ್ರರಿ?"

"ವಿಜ್ಞಾನಶಾಸ್ತ್ರರೀ," ಅಂದೆ, ಸಿಟ್ಟಿಲೆ.

"ಹೌದೇನು? ಹಂಗಾರ ಇವತ್ತು ಸಾಹೇಬ್ರಿಗೆ ಊಟಕ್ಕ ಬಡಸ್ತೇನಿ, ನಿಮಗ ಬ್ಯಾಡ. ಸಂಜಿಕ ಇಬ್ಬರನ್ನೂ ಹೋಲಿಸಿ ನೋಡೂಣು."

ಸಾಹೇಬ್ರು ಒಳಗ ಹೋಳಿಗಿ ಹೊಡದ್ರು. ನಾನು ಹೊರಗ ಕಟ್ಟಿ ಮ್ಯಾಲೆ ಕುಂತು ವಿಜ್ಞಾನ ಬೆಳಸಿದೆ.